403 ಬಂತೆಂದು 777 ಕೊಡಬೇಡಿ
ಸಣ್ಣ ವೆಬ್ ಆ್ಯಪ್ ಸರ್ವರ್‌ಗೆ ಹಾಕಿದಾಗ 403 ಫರ್ಬಿಡನ್ (ಸರ್ವರ್ ಪೇಜ್ ತೋರಿಸಲು ನಿರಾಕರಿಸಿದೆ ಎಂಬ ಎರರ್) ಬಂದರೆ, ದಯವಿಟ್ಟು ಇಡೀ ಫೋಲ್ಡರ್‌ಗೆ 777, ಅಂದರೆ ಯಾರು ಬೇಕಾದರೂ ಓದಿ, ಬರೆದು, ಓಡಿಸುವ ಪರ್ಮಿಷನ್, ಕೊಡಬೇಡಿ. ಪೇಜ್ ಕಂಡ ಖುಷಿಯಲ್ಲಿ ಅದು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಆಮೇಲೆ ಆ್ಯಪ್‌ನಲ್ಲಿ ಒಂದು ತೂತು ಸಿಕ್ಕರೆ ಸಾಕು, ಒಳಗೆ ಹೊಕ್ಕವನು ನಿಮ್ಮ ಕೋಡನ್ನೇ ತಿದ್ದಬಹುದು.

ಮೊದಲು ನಿಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ (nginx) ಎರರ್ ಲಾಗ್‌ನ ಕೊನೆಯ ಸಾಲು ಓದಿ. 'ಡೈರೆಕ್ಟರಿ ಇಂಡೆಕ್ಸ್ ... ಈಸ್ ಫರ್ಬಿಡನ್' ಎಂದಿದ್ದರೆ ಅಲ್ಲಿ ಇಂಡೆಕ್ಸ್ ಫೈಲ್ ಇಲ್ಲ, ಇಲ್ಲವೇ ರೂಟ್ ಪಾಥ್ (ಸೈಟ್ ಇರುವ ಫೋಲ್ಡರ್‌ನ ವಿಳಾಸ) ತಪ್ಪಿದೆ. ಆಗ ಪರ್ಮಿಷನ್ ಬದಲಿಸಿ ಏನೂ ಪ್ರಯೋಜನವಿಲ್ಲ.

'13: ಪರ್ಮಿಷನ್ ಡಿನೈಡ್' ಇದ್ದರೆ ವಿಷಯ ಬೇರೆ. ಫೈಲ್‌ಗೆ 644 (ಎಲ್ಲರೂ ಓದಬಹುದು, ಮಾಲೀಕ ಮಾತ್ರ ಬರೆಯಬಹುದು) ಇದ್ದರೆ ಸಾಲದು. ಅದರ ಮೇಲಿನ ಪ್ರತಿ ಫೋಲ್ಡರ್‌ನಲ್ಲೂ ಸರ್ವರ್ ಯೂಸರ್‌ಗೆ ಎಕ್ಸ್ (x, ಫೋಲ್ಡರ್ ಒಳಗೆ ಹೋಗುವ) ಅನುಮತಿ ಬೇಕು. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750 (ಮಾಲೀಕ ಮತ್ತು ಅವನ ಗುಂಪು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ), ಹಾಗಾಗಿ ಹೋಮ್ ಒಳಗಿಟ್ಟ ಸೈಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. 'ನೇಮ್‌ಐ -ಎಲ್' (namei -l) ಕಮಾಂಡ್‌ಗೆ ಪೂರ್ತಿ ಪಾಥ್ ಕೊಡಿ, ಯಾವ ಮೆಟ್ಟಿಲಲ್ಲಿ ಎಕ್ಸ್ ಇಲ್ಲವೆಂದು ಸಾಲುಸಾಲಾಗಿ ಕಾಣುತ್ತದೆ. ಹೋಮ್ ಸಡಿಲಿಸುವುದಕ್ಕಿಂತ ಸೈಟನ್ನೇ ಹೊರಗೆ ಸರಿಸುವುದು ಮೇಲು.

ಫೆಡೋರಾದಲ್ಲಿ ಹೀಗೆ ಸರಿಸಿದ ಫೈಲ್ ಹಳೆಯ ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ವ್ಯವಸ್ಥೆ) ಲೇಬಲ್ ಹೊತ್ತೇ ಬರುತ್ತದೆ. ಲೇಬಲ್ ಸರಿಪಡಿಸಲು 'ರಿಸ್ಟೋರ್‌ಕಾನ್ -ಆರ್‌ವಿ' (restorecon -Rv) ಓಡಿಸಿ. ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡುವ ಅಗತ್ಯವಿಲ್ಲ.