ಹಸಿರು ಹಿಡಿದ ಪಿನ್

ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಗಿರಾಕಿಗಳು ಬಿಟ್ಟುಹೋದ ಹಳೇ ಬೋರ್ಡು, ರ‍್ಯಾಮ್, ಕ್ಯಾಬಿನೆಟ್ ಅಂಗಡಿಯ ಹಿಂದಿನ ಕೋಣೆ ತುಂಬ ಇವೆ. ಹೋದ ಮೇ ತಿಂಗಳಲ್ಲಿ ಕೋಡಿಬಾಗದ ಫೋಟೋಗ್ರಾಫರ್ ಒಬ್ಬರಿಗೆ ಅದರಲ್ಲೇ ಆರಿಸಿ ಮನೆಗೊಂದು ಸರ್ವರ್ ಕಟ್ಟಿಕೊಟ್ಟೆ. ಮದುವೆ ಫೋಟೋ, ವಿಡಿಯೋ ಎಲ್ಲ ಒಂದೇ ಕಡೆ ಇರಬೇಕು, ಮನೆಯ ಯಾವ ಕಂಪ್ಯೂಟರಿನಿಂದಲೂ ತೆಗೆಯಲು ಬರಬೇಕು ಅಂತ ಅವರ ಆಸೆ.

2011ರ ಕಾಲದ ಐ3 ಪ್ರೊಸೆಸರ್, ನಾಲ್ಕು ಜಿಬಿಯ ಎರಡು ರ‍್ಯಾಮ್. ಈ ಕೆಲಸಕ್ಕೆ ಅದು ಜಾಸ್ತಿಯೇ. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮಾತ್ರ ಹೊಸದೇ ಹಾಕಿದೆ. ಹಳೆಯದರ ಕೆಪಾಸಿಟರ್ ಉಬ್ಬಿದ್ದರೆ ಬೋರ್ಡನ್ನೂ ಡಿಸ್ಕನ್ನೂ ಸೇರಿಸಿ ಸುಡಬಹುದು. ಮೂರು ಹಾರ್ಡ್ ಡಿಸ್ಕ್‌ಗಳ ಸ್ಮಾರ್ಟ್ ರಿಪೋರ್ಟ್, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡಿದೆ. ಒಂದರಲ್ಲಿ ಓದಲು ಬಾರದ ಸೆಕ್ಟರ್‌ಗಳಿದ್ದವು, ಅದನ್ನು ಬಿಟ್ಟೆ. ಉಳಿದೆರಡರಲ್ಲೂ ಒಂದೇ ಡೇಟಾ ಕೂರುವ ಹಾಗೆ ಜೋಡಿ ಮಾಡಿ, ಡೆಬಿಯನ್ ಲಿನಕ್ಸ್, ಮನೆಯ ಕಂಪ್ಯೂಟರುಗಳಿಗೆ ಫೈಲ್ ಹಂಚುವ ಸಾಂಬಾ ಹಾಕಿದೆ. ಜೋಡಿ ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ, ಒಂದರಲ್ಲಿ ಅಳಿಸಿದರೆ ಎರಡರಲ್ಲೂ ಹೋಗುತ್ತದೆ ಅಂತ ಹೇಳಿ, ಬೇರೆಯೇ ಒಂದು ಡಿಸ್ಕನ್ನೂ ತರಿಸಿದೆ. ಸರ್ವರ್ ಮಹಡಿಯಲ್ಲಿ, ರೂಟರ್ ಕೆಳಗೆ ಹಾಲ್‌ನಲ್ಲಿ. ನಡುವಿನ ಕೇಬಲ್ ಸಮುದ್ರದ ಕಡೆಯ ಗೋಡೆಯ ಹೊರಗಿಂದ ಇಳಿದಿತ್ತು.

ಆಗಸ್ಟ್‌ನಲ್ಲಿ ಅವರ ಫೋನ್. "ನಲವತ್ತು ಜಿಬಿ ಹಾಕೋಕೆ ಒಂದು ತಾಸು ಹಿಡೀತದೆ. ಮೊದಲು ಹೀಗಿರಲಿಲ್ಲ ಅಲ್ವಾ?"

ಮೆಷಿನ್ ಅಂಗಡಿಗೆ ತಂದೆ. ರ‍್ಯಾಮ್ ಕಾಲುಗಳನ್ನು ರಬ್ಬರಿನಿಂದ ಉಜ್ಜಿದೆ, ಧೂಳು ತೆಗೆದೆ, ಪ್ರೊಸೆಸರಿಗೆ ಪೇಸ್ಟ್ ಬದಲಿಸಿದೆ. ಅಂಗಡಿಯ ಕೇಬಲ್‌ಗೆ ಹಾಕಿದರೆ ಸೆಕೆಂಡಿಗೆ ನೂರು ಎಂಬಿ ಓಡಿತು. ಕ್ಲೀನ್ ಮಾಡಿದ್ದಕ್ಕೇ ಸರಿಹೋಯಿತು ಅಂದುಕೊಂಡೆ. ಅವರ ಮನೆಯಲ್ಲಿ ಜೋಡಿಸಿದರೆ ಮತ್ತೆ ನಿಧಾನ, ಸೆಕೆಂಡಿಗೆ ಹನ್ನೊಂದೇ ಎಂಬಿ. ಆಗಲೂ ನನಗೆ ಹೊಳೆಯಲಿಲ್ಲ. ಹಳೇ ಸಾಮಾನು, ಇನ್ನು ತಾಳೋದಿಲ್ಲ ಅಂತ ಹೇಳಿ ಹೊಸ ಮೆಷಿನ್‌ಗೆ ರೇಟ್ ಬರೆದುಕೊಟ್ಟು ಬಂದೆ.

ರಾತ್ರಿ ಆ ಹನ್ನೊಂದೇ ತಲೆಯಲ್ಲಿ ಕೊರೆಯಿತು. 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಲಿಂಕ್‌ನಲ್ಲಿ ಬರುವ ವೇಗ ಅಷ್ಟೇ ತಾನೇ! ಎಂಟು ಬಿಟ್ ಸೇರಿದರೆ ಒಂದು ಬೈಟ್. ಬೆಳಿಗ್ಗೆ ಹೋಗಿ ಸರ್ವರಿನಲ್ಲಿ ಲಿಂಕ್ ವೇಗ ತೋರಿಸುವ ಇಥ್‌ಟೂಲ್ ಕಮಾಂಡ್ ಕೊಟ್ಟು ನೋಡಿದೆ. 1000 ಇರಬೇಕಾದ ಕಡೆ 100 ಇತ್ತು.

ಕಿಟಕಿ ಪಕ್ಕದಲ್ಲೇ ಸರ್ವರ್. ಕೇಬಲ್ ಕಿತ್ತು ತುದಿಯನ್ನು ಬೆಳಕಿಗೆ ಹಿಡಿದೆ. ಎಂಟು ಪಿನ್‌ಗಳಲ್ಲಿ ಏಳನೆಯದು, ಎಂಟನೆಯದು ಹಸಿರಾಗಿದ್ದವು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಕೇಬಲ್ ಗುಂಟ ಇಳಿದ ಮಳೆನೀರು, ಜೊತೆಗೆ ಉಪ್ಪು ಗಾಳಿ. 100ಕ್ಕೆ 1, 2, 3, 6ನೇ ತಂತಿ ಸಾಕು. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ಎಂಟೂ ಬೇಕು. ಎರಡು ಕೆಟ್ಟರೂ ಲಿಂಕ್ ಪೂರ್ತಿ ಕಡಿದುಹೋಗಲಿಲ್ಲ, ಸುಮ್ನೆ ನಿಧಾನವಾಯಿತು. ಅದಕ್ಕೇ ಕೇಬಲ್ ಮೇಲೆ ನನಗೆ ಅನುಮಾನ ಬರಲಿಲ್ಲ.

ಹೊರಗೆ ಹಾಕುವ ಕಪ್ಪು ಕೇಬಲ್ ತಂದು ಹೊಸದಾಗಿ ಎಳೆದೆ. ಕಿಟಕಿಯ ಹೊರಗೆ ಅದು ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಿ ಒಳಗೆ ಹೋಗುವ ಹಾಗೆ ಮಾಡಿದೆ. ನೀರು ಒಳಗೆ ಹರಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ನಲವತ್ತು ಜಿಬಿ ಏಳೇ ನಿಮಿಷದಲ್ಲಿ ಹೋಯಿತು. ಹೊಸ ಮೆಷಿನ್ ಬೇಡ, ನಾನು ಹೇಳಿದ್ದು ತಪ್ಪಾಗಿತ್ತು ಅಂತ ಅವರಿಗೆ ತಿಳಿಸಿ, ಬರೆದುಕೊಟ್ಟ ರೇಟಿನ ಚೀಟಿ ವಾಪಸ್ ಇಸ್ಕೊಂಡೆ.