ಸ್ಪ್ರೂಸ್ ಬೀದಿಯ ಬೀಗ ಹಾಕಿದ ಗೇಟು

ಫಿಲಡೆಲ್ಫಿಯಾಕ್ಕೆ ಹೋದವರೆಲ್ಲ ಲಿಬರ್ಟಿ ಬೆಲ್ ನೋಡಲು ಸಾಲು ನಿಲ್ಲುತ್ತಾರೆ. ನಾವೂ ನಿಂತೆವು. ಒಡಕು ಗಂಟೆಯ ಮುಂದಿನ ಫೋಟೊ ನೂಕುನುಗ್ಗಲು ಸಾಕಾಗಿ ನಡೆಯುತ್ತಾ ಸ್ಪ್ರೂಸ್ ಬೀದಿಗೆ ಬಂದೆವು. ಎಂಟನೆಯ ಮತ್ತು ಒಂಬತ್ತನೆಯ ರಸ್ತೆಗಳ ನಡುವೆ ಇಟ್ಟಿಗೆ ಗೋಡೆ, ಕಬ್ಬಿಣದ ಗೇಟು, ಅದಕ್ಕೆ ಬೀಗ. ಒಳಗಿರುವುದು ಮಿಕ್ವೆ ಇಸ್ರೇಲ್ ಎಂಬ ಯಹೂದಿ ಸಭೆಯ, ಅಂದರೆ ಒಂದು ಪ್ರಾರ್ಥನಾ ಮಂದಿರಕ್ಕೆ ಸೇರಿದ ಸಮುದಾಯದ, ಹಳೆಯ ಸ್ಮಶಾನ. 1740ರಲ್ಲಿ ನೇಥನ್ ಲೆವಿ ಎಂಬ ವ್ಯಾಪಾರಿ ಪಡೆದ ಜಾಗ. ಸರಳುಗಳ ಸಂದಿಯಿಂದ ಇಣುಕಿದರೆ ಅಕ್ಷರ ಸವೆದ ಕಲ್ಲುಗಳು. ನಾನು ಹುಡುಕಿಕೊಂಡು ಬಂದ ಯಹೂದಿ ಸಮಾಜಸೇವಕಿ ರೆಬೆಕಾ ಗ್ರಾಟ್ಜ್ (1781–1869) ಇಲ್ಲಿಯೇ ಮಣ್ಣಾದವರು.

ಶ್ರೀಮಂತ ವರ್ತಕರ ಮಗಳು. ಮದುವೆಯಾಗಲಿಲ್ಲ, ತೀರಿಕೊಂಡ ತಂಗಿಯ ಮಕ್ಕಳನ್ನು ಸಾಕಿದರು. ಇಪ್ಪತ್ತರ ಹರೆಯದಲ್ಲೇ, 1801ರಲ್ಲಿ, ಕ್ರೈಸ್ತ ಮತ್ತು ಯಹೂದಿ ಹೆಂಗಸರು ಕೂಡಿ ಕಟ್ಟಿದ ಪರಿಹಾರ ಸಂಘದಲ್ಲಿ ದುಡಿದವರು. ಹಾಗಿದ್ದೂ 1819ರಲ್ಲಿ ತಮ್ಮ ಸಭೆಯ ಮಹಿಳೆಯರೊಂದಿಗೆ ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ (ಯಹೂದಿ ಮಹಿಳೆಯರ ದಾನಸಂಘ) ಎಂಬ ಬೇರೆ ಸಂಸ್ಥೆಯನ್ನೇ ಕಟ್ಟಿದರು. ಕಾರಣ ಸರಳ. ಆ ಕಾಲದ ಊರಿನಲ್ಲಿ ಬಡವರಿಗೆ ಅನ್ನ ನೀಡುವ ಕೈಯಲ್ಲಿ ಮತಪ್ರಚಾರದ ಪುಸ್ತಿಕೆಯೂ ಇರುತ್ತಿತ್ತು. ಚಳಿಗಾಲಕ್ಕೆ ಸೌದೆ ಬೇಕಾದ ಯಹೂದಿ ವಿಧವೆ ಧರ್ಮ ಬಿಡುವ ಮಾತು ಕೇಳಿಸಿಕೊಳ್ಳದೆ ಅದನ್ನು ಪಡೆಯಬೇಕು ಎನ್ನುವುದು ಇವರ ಹಟ. ಆಹಾರ, ಬಟ್ಟೆ, ಉರುವಲು ಹಂಚಿದರು. ಮುಂದೆ ಕೆಲಸ ಹುಡುಕಿಕೊಡುವುದನ್ನೂ ಮೈಮೇಲೆ ಹಾಕಿಕೊಂಡರು. ಸಿನಗಾಗ್‌ನ, ಅಂದರೆ ಪ್ರಾರ್ಥನಾ ಮಂದಿರದ, ಗಂಡಸರ ಅಪ್ಪಣೆಗೆ ಕಾಯದೆ ಹೆಂಗಸರೇ ನಡೆಸಿದರೆಂಬುದು ನನಗೆ ದಾನಕ್ಕಿಂತ ದೊಡ್ಡದಾಗಿ ಕಂಡಿತು. ಸುಮಾರು ನಾಲ್ಕು ದಶಕ ರೆಬೆಕಾ ಅದರ ಕಾರ್ಯದರ್ಶಿ. ಅಧ್ಯಕ್ಷರಿಗೆ ಹಾರ, ಕಾರ್ಯದರ್ಶಿಗೆ ಕೆಲಸ ಎನ್ನುವುದು ಎಲ್ಲ ಸಂಘಗಳಲ್ಲೂ ಇದ್ದದ್ದೇ.

ಈ ಸಂಘದ ಆಸರೆಯಲ್ಲಿಯೇ 1838ರಲ್ಲಿ ಯಹೂದಿ ಮಕ್ಕಳಿಗೆ ಧರ್ಮಪಾಠ ಹೇಳುವ ಹೀಬ್ರೂ ಭಾನುವಾರದ ಶಾಲೆ ಆರಂಭವಾಯಿತು. ಹುಡುಗ ಹುಡುಗಿಯರಿಬ್ಬರಿಗೂ ಶುಲ್ಕವಿಲ್ಲ, ಕಲಿಸುವವರು ಮಹಿಳೆಯರು. ಆದರೆ ಇಂಗ್ಲಿಷಿನಲ್ಲಿ ಯಹೂದಿ ಮಕ್ಕಳಿಗೆಂದು ಬರೆದ ಪಠ್ಯಗಳೇ ಇರಲಿಲ್ಲ. ಕ್ರೈಸ್ತ ಭಾನುವಾರ ಶಾಲೆಯ ಪುಸ್ತಕ ತಂದು, ಒಗ್ಗದ ಸಾಲುಗಳ ಮೇಲೆ ಕಾಗದ ಅಂಟಿಸಿ ಮಕ್ಕಳ ಕೈಗೆ ಕೊಟ್ಟರಂತೆ. ಅಂಟಿಸಿದ ಕಾಗದದಡಿ ಏನಿದೆಯೆಂದು ಕೆರೆದು ನೋಡದ ಮಕ್ಕಳು ಯಾವ ಧರ್ಮದಲ್ಲಿಯೂ ಇರಲಾರರು!

1855ರಲ್ಲಿ ಅನಾಥ ಮಕ್ಕಳಿಗಾಗಿ ಯಹೂದಿ ಪೋಷಕಗೃಹ ತೆರೆದಾಗ ರೆಬೆಕಾಗೆ ಎಪ್ಪತ್ತು ದಾಟಿತ್ತು. ಥಾಮಸ್ ಸಲ್ಲಿ ಬರೆದ ಅವರ ಭಾವಚಿತ್ರ ಡೆಲಾನ್ಸಿ ಪ್ಲೇಸ್‌ನ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿದೆ. ಸ್ಮಶಾನದ ಒಳಗೆ ಹೋಗಬೇಕೆನ್ನುವವರು ಸಭೆಯವರನ್ನು ಮೊದಲೇ ವಿಚಾರಿಸಿಕೊಳ್ಳುವುದು ವಾಸಿ; ಈಗಿನ ಸಿನಗಾಗ್ ಇರುವುದು ಉತ್ತರ ನಾಲ್ಕನೆಯ ರಸ್ತೆಯಲ್ಲಿ.