ಆ ಉಂಗುರ ಯಾವ ಗ್ರಹಕ್ಕೆ?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರ ಕಣ್ಣು ಮೊದಲು ಎಲೆ ಮೇಲೆ, ಆಮೇಲೆ ನನ್ನ ಬಲಗೈ ಮೇಲೆ ಬೀಳುತ್ತದೆ. ದಪ್ಪ ಚಿನ್ನದ ಉಂಗುರ, ಅದರಲ್ಲಿ ಹರಳಿಲ್ಲ. "ಇದ್ಯಾವ ಗ್ರಹಕ್ಕಪ್ಪಾ?" ಅಂತ ಕೇಳಿದವರು ಎಷ್ಟು ಜನರೋ. ದಾವಣಗೆರೆಯ ನಮ್ಮ ದೊಡ್ಡಮ್ಮ ಅಂತೂ ಗುರುಬಲಕ್ಕೇ ಹಾಕಿಸಿದ್ದು ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಇಲ್ಲ, ಇದು ಓದಿದ ಕಾಲೇಜಿನ ಉಂಗುರ ಅಂದರೆ ಎರಡನೇ ಪ್ರಶ್ನೆ ತಯಾರಿರುತ್ತದೆ: "ಎರಡು ವರ್ಷ ಓದಿದ ಕಾಲೇಜಿನ ಮೇಲೆ ಇಷ್ಟೊಂದು ಅಭಿಮಾನ ಯಾಕೆ?"

ಊಟದ ಸಾಲಿನಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸುವುದಕ್ಕೆ ಆಗುವುದಿಲ್ಲ. ಅಷ್ಟರಲ್ಲಿ ಸಾರು ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜು ಅಂದರೆ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ. 1876ರಲ್ಲಿ ಬಟಾಬಯಲಲ್ಲಿ ಶುರುವಾಯಿತು. ಹತ್ತಿರ ರೈಲು ನಿಲ್ಲುವ ಜಾಗಕ್ಕೆ ಕಾಲೇಜ್ ಸ್ಟೇಷನ್ ಅಂತ ಹೆಸರು ಬಿತ್ತು, ಈಗ ಊರಿನ ಹೆಸರೂ ಅದೇ. ಹೆಸರಲ್ಲಿರುವ ಎ ಅಂದರೆ ಮೊದಲಿಗೆ ಅಗ್ರಿಕಲ್ಚರಲ್, ಅಂದರೆ ಬೇಸಾಯ. ಅದರಿಂದಲೇ ಅಲ್ಲಿ ಓದಿದವರನ್ನೆಲ್ಲ 'ಆ್ಯಗಿ' ಅನ್ನುತ್ತಾರೆ. ನಾನು ಹೋಗಿದ್ದು ಸಿವಿಲ್ ಇಂಜಿನಿಯರಿಂಗ್ ಎಂಎಸ್ ಮಾಡಲು. ಉಂಗುರ, ಸಂಪ್ರದಾಯ ಎಲ್ಲ ನೋಡಿ ಮೊದಲ ಆರು ತಿಂಗಳು ನಗು ಬರುತ್ತಿತ್ತು. ಫುಟ್‌ಬಾಲ್ ನೋಡಲು ಹೋದ ಹುಡುಗರು ಆಟ ಮುಗಿಯುವವರೆಗೂ ಕೂರುವುದೇ ಇಲ್ಲ. ಯಾಕೆ ಅಂತ ಕೇಳಿದರೆ 1922ರ ಕತೆ ಹೇಳುತ್ತಾರೆ. ಆವತ್ತು ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಬೀಳುತ್ತಿದ್ದರಂತೆ. ಮೇಲೆ ಕೂತಿದ್ದ ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿಯನ್ನು ಕೋಚ್ ಕೆಳಗೆ ಕರೆದರು. ಅವನು ಗಾಯಾಳುವಿನ ಬಟ್ಟೆ ತೊಟ್ಟು, ಕೊನೆಯವರೆಗೂ ಪಕ್ಕದಲ್ಲಿ ರೆಡಿಯಾಗಿ ನಿಂತ. ಮೈದಾನಕ್ಕೆ ಇಳಿಯಲೇ ಇಲ್ಲ. ಆದರೂ ಅವನಿಗೆ ಪ್ರತಿಮೆ ಇದೆ! ಆಡದವನಿಗೆ ಪ್ರತಿಮೆ ಯಾಕೆ ಅಂತ ನನಗೆ ಆಗ ಅರ್ಥವಾಗಲಿಲ್ಲ.

ಅರ್ಥವಾಗಿದ್ದು ಒಬ್ಬ ಅಜ್ಜಿಯ ಹಿತ್ತಲಲ್ಲಿ.

ಅಲ್ಲಿ 'ಬಿಗ್ ಇವೆಂಟ್' ಅಂತ ಒಂದಿದೆ. 1982ರಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದ್ದು, ಇವತ್ತಿಗೂ ನಡೆಸುವವರು ಅವರೇ. ವರ್ಷಕ್ಕೊಂದು ಶನಿವಾರ ಸಾವಿರಾರು ಹುಡುಗ ಹುಡುಗಿಯರು ಊರವರ ಮನೆಗಳಿಗೆ ಹೋಗಿ ಕೆಲಸ ಮಾಡಿಕೊಡುತ್ತಾರೆ. ಬೇಲಿಗೆ ಬಣ್ಣ ಹಚ್ಚುವುದು, ಕಿಟಕಿ ಒರೆಸುವುದು, ಕಳೆ ಕೀಳುವುದು. ನಾನು ಹೋಗಿದ್ದು ನಮ್ಮ ಲ್ಯಾಬಿನವರು ಎಳೆದುಕೊಂಡು ಹೋದರು ಅಂತ, ಅಷ್ಟೇ. ಪಕ್ಕದ ಬ್ರಯಾನ್ ಊರಿನ ಮನೆ. ಮುಂದೆ ಎರಡು ಕಾರು. ಹಿಂದೆ ದೊಡ್ಡ ಲೈವ್ ಓಕ್ ಮರ. ಉಳಿದ ಮರಗಳು ಚಳಿಗೆ ಮೊದಲು ಎಲೆ ಉದುರಿಸಿದರೆ, ಇದು ಮಾರ್ಚಲ್ಲಿ ಉದುರಿಸುತ್ತದೆ. ಹಿತ್ತಲ ತುಂಬ ಗರಿಗರಿ ಕಂದು ಎಲೆ. ಬಾಚಿದಷ್ಟೂ ಮೇಲಿಂದ ಮತ್ತೆ ಬೀಳುತ್ತಿತ್ತು. ಎಲೆ ಅಡಿಯಲ್ಲಿ ಕೆಂಪಿರುವೆ ಗೂಡು ಬೇರೆ. ಕಾಲು ಸುಟ್ಟ ಹಾಗಾಯಿತು.

ಹನ್ನೊಂದು ಗಂಟೆ ಹೊತ್ತಿಗೆ ನನಗೆ ಸಿಟ್ಟು ಬಂತು. ಎರಡು ಕಾರಿಟ್ಟುಕೊಂಡವರ ಹಿತ್ತಲು ನಾನ್ಯಾಕೆ ಗುಡಿಸಬೇಕು? ಜೊತೆಯಲ್ಲಿದ್ದವನನ್ನು ಕೇಳಿಯೇಬಿಟ್ಟೆ. ಅವನು ರೇಕ್ ನಿಲ್ಲಿಸದೆ ಹೇಳಿದ: "ಬಡವರಿಗೆ ಅಂತ ಯಾರು ಹೇಳಿದರು? ನಾಲ್ಕು ವರ್ಷ ಈ ಊರಲ್ಲಿ ಗಲಾಟೆ ಮಾಡಿಕೊಂಡು ಇರ್ತೀವಿ. ಊರು ಸಹಿಸಿಕೊಳ್ಳುತ್ತೆ. ಅದಕ್ಕೆ ಥ್ಯಾಂಕ್ಸ್." ನಿಜ, ಅದರ ನಿಯಮವೇ ಹಾಗೆ. ಬೇಕು ಅಂದವರ ಮನೆಗೆ ಹೋಗುತ್ತಾರೆ, ಅವರು ಬಡವರೋ ಅಲ್ಲವೋ ಅಂತ ನೋಡುವುದಿಲ್ಲ.

ನಾನು ಬೆಳೆದ ಕಡೆ ಸೇವೆ ಅಂದರೆ ಆಸ್ಪತ್ರೆಯಲ್ಲಿ ಹಾಲು, ಬ್ರೆಡ್ಡು ಹಂಚಿ ಫೋಟೊ ತೆಗೆಸಿಕೊಳ್ಳುವುದು. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಈ ಹಿತ್ತಲಲ್ಲಿ ಮೇಲೆ ಕೆಳಗೆ ಏನೂ ಇರಲಿಲ್ಲ. ಇದ್ದದ್ದು ಒಂದು ಋಣ. ಅಜ್ಜಿ ನಿಂಬೆ ಶರಬತ್ತು ತಂದುಕೊಟ್ಟರು. ದಾವಣಗೆರೆ ಎಲ್ಲಿದೆ ಅಂತ ಕೇಳಿದರು. ಬೆಣ್ಣೆ ದೋಸೆ ಅಂದರೆ ಏನು ಅಂತ ಹೇಳಲು ಹೋಗಿ ನಾನೇ ಸೋತೆ. ಸಂಜೆ ಹೊರಡುವಾಗ ಹಿತ್ತಲಲ್ಲಿ ಮತ್ತೆ ಎಲೆ ಬಿದ್ದಿತ್ತು.

ಹಾಗಂತ ಅಲ್ಲಿರುವುದೆಲ್ಲ ಚಿನ್ನ ಅಂತಲ್ಲ. 1963ರವರೆಗೆ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ, ಹೆಣ್ಣುಮಕ್ಕಳಿಗೂ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆಯತೊಡಗಿದ್ದು ಆ ವರ್ಷದಿಂದಲೇ. ಇನ್ನೊಂದು ವಿಷಯ ನನ್ನಂಥ ಸಿವಿಲ್ ಇಂಜಿನಿಯರಿಗೆ ಮರೆಯಲಾಗದ್ದು. ದೊಡ್ಡ ಪಂದ್ಯಕ್ಕೆ ಮೊದಲು ವಿದ್ಯಾರ್ಥಿಗಳೇ ಮರದ ದಿಮ್ಮಿ ಪೇರಿಸಿ ಬೆಂಕಿ ಹಚ್ಚುತ್ತಿದ್ದರು. ನಮ್ಮ ಕಾಮನ ಹಬ್ಬದ ಥರ, ಆದರೆ ಸುಮಾರು 5 ಸಾವಿರ ದಿಮ್ಮಿಗಳ ಗೋಪುರ. 1999ರ ನವೆಂಬರ್ 18ರ ನಸುಕಿನಲ್ಲಿ ಅದು ಕಟ್ಟುತ್ತಿರುವಾಗಲೇ ಕುಸಿಯಿತು. 12 ಜನ ಸತ್ತರು. ತನಿಖೆ ಮಾಡಿದ ಆಯೋಗ ಕಟ್ಟಡದ ದೋಷದ ಜೊತೆಗೆ ಅಲ್ಲಿನ ಸಂಸ್ಕೃತಿಯನ್ನೂ ದೂರಿತು. ಅಪಾಯ ಕಾಣದಂತೆ ಅದೇ ಕಣ್ಣು ಕಟ್ಟಿತ್ತು ಅಂತ. ಅಭಿಮಾನ ಜಾಸ್ತಿಯಾದಾಗ ಲೆಕ್ಕ ಕೇಳುವವರು ಇರುವುದಿಲ್ಲ, ಅಲ್ವಾ? ಉಂಗುರ ಹಾಕಿಕೊಂಡೇ ನಾನು ಇದನ್ನೂ ಹೇಳುತ್ತೇನೆ.

ಅಲ್ಲಿ ಹಳೇ ವಿದ್ಯಾರ್ಥಿ ಅನ್ನಿಸಿಕೊಳ್ಳಲು ಪಾಸಾಗಬೇಕು ಅಂತಿಲ್ಲ. ಓದು ಅರ್ಧಕ್ಕೆ ಬಿಟ್ಟು ಯುದ್ಧಕ್ಕೆ ಹೋದವರು ಬೇಕಾದಷ್ಟು ಜನ. ಎರಡನೇ ಮಹಾಯುದ್ಧಕ್ಕೆ ಹೋದ ಆ್ಯಗಿಗಳೇ 20 ಸಾವಿರಕ್ಕೂ ಹೆಚ್ಚು. ಡಿಗ್ರಿ ಇರಲಿ ಬಿಡಲಿ, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಆ ಲೆಕ್ಕ ತೆಗೆಯುವ ದಿನ ಏಪ್ರಿಲ್ 21. ಅದನ್ನು 'ಮಸ್ಟರ್' ಅನ್ನುತ್ತಾರೆ. ನಮ್ಮ ಕಡೆ ಕೂಲಿಯವರ ಹಾಜರಿ ಪುಸ್ತಕಕ್ಕೆ ಮಸ್ಟರ್ ರೋಲ್ ಅನ್ನುವುದಿಲ್ಲವೇ, ಅದೇ ಪದ. ಆವತ್ತು ಜಗತ್ತಿನಲ್ಲಿ ಎಲ್ಲೇ ಇದ್ದರೂ ಆ್ಯಗಿಗಳು ಗುಂಪು ಸೇರುತ್ತಾರೆ. ಆ ವರ್ಷ ತೀರಿಕೊಂಡವರ ಹೆಸರು ಒಂದೊಂದಾಗಿ ಕೂಗುತ್ತಾರೆ. ಪ್ರತಿ ಹೆಸರಿಗೂ ಮನೆಯವರೋ ಗೆಳೆಯರೋ "ಹಿಯರ್" ಅನ್ನುತ್ತಾರೆ. ಒಂದು ಮೇಣದಬತ್ತಿ ಹಚ್ಚುತ್ತಾರೆ. ನಾನು ಮೊದಲ ಸಲ ಹೋದಾಗ, ಎರಡು ಸಾಲು ಮುಂದೆ ಒಬ್ಬ ಹುಡುಗ ಎದ್ದು ನಿಂತ. ಹಿಯರ್ ಅನ್ನಲು ಹೋದ, ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದವರು ಅಂದರು. ದಾವಣಗೆರೆಯಲ್ಲಿ ಪಿಕ್ಚರಿಗೆ ಹೋದ ಗೆಳೆಯನಿಗೆ ದನಿ ಬದಲಿಸಿ ಪ್ರಾಕ್ಸಿ ಹಾಕಿದವನು ನಾನು. ಸತ್ತವನಿಗೆ ಹಾಜರಿ ಹೇಳುವುದನ್ನು ಮೊದಲ ಸಲ ಕೇಳಿದ್ದು ಅಲ್ಲಿ.

ಹೋದ ತಿಂಗಳು ದೊಡ್ಡಮ್ಮನಿಗೆ ಇದನ್ನೆಲ್ಲ ಸಮಾಧಾನವಾಗಿ ಕೂತು ಹೇಳಿದೆ. ಎಲೆ ಬಾಚಿದ್ದಕ್ಕೆ ನಕ್ಕರು. ಮೇಣದಬತ್ತಿ ಅಂದಾಗ ಸುಮ್ಮನಾದರು. ಆಮೇಲೆ ನನ್ನ ಕೈ ಹಿಡಿದು ಉಂಗುರವನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಹಂಗಾದ್ರೆ ಅಲ್ಲೂ ಹಿರೇರ ಹಬ್ಬ ಮಾಡ್ತಾರೆ ಅನ್ನು. ಎಡೆಗೆ ಏನಿಡ್ತಾರೆ?"